ಮೊದಲು ಫೈಲಿನೊಳಗೆ ಏನಿದೆ ನೋಡಿ, ಆಮೇಲೆ ಕನ್ವರ್ಟ್ ಮಾಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಫೋನಿನಲ್ಲಿ ತೆಗೆದ ವಿಡಿಯೊವನ್ನು ಟಿವಿಗೆ ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ, ಏನು ಮಾಡಲಿ ಅಂತ. ಅದಕ್ಕೆ ಕೊಟ್ಟ ಉತ್ತರ ಮೂರೇ ಸಾಲು. ಫೈಲಿನ ಹೆಸರಿನ ಕೊನೆಯನ್ನು ಎಂಪಿ4 ಅಂತ ಬದಲಿಸಿ ನೋಡಿ. ಆಗದಿದ್ದರೆ ಯಾವುದಾದರೂ ಕನ್ವರ್ಟರ್‌ಗೆ ಹಾಕಿ. ಜಾಗ ಉಳಿಸಲು ಹಳೆಯ ಫೈಲ್ ಅಳಿಸಿಬಿಡಿ. ಇದರಲ್ಲಿ ಮೊದಲನೆಯದರಿಂದ ಏನೂ ಆಗುವುದಿಲ್ಲ. ಎರಡನೆಯದು ಅರ್ಧ ಉತ್ತರ. ಮೂರನೆಯ ಸಾಲು ಓದಿದಾಗ ಮಾತ್ರ ನನಗೆ ನಿಜಕ್ಕೂ ಸಂಕಟವಾಯಿತು. ಯಾಕೆಂದರೆ ಅಂಥದ್ದೇ ಒಂದು ಸಲಹೆ ಕೇಳಿ ನಾನು ಕಳೆದುಕೊಂಡದ್ದು ಇನ್ನು ವಾಪಸ್ ಬರುವುದಿಲ್ಲ.

ನಮ್ಮ ಅಜ್ಜಿ ಕತೆ ಹೇಳುವುದನ್ನು ನಮ್ಮ ಮಾವ ಸಣ್ಣ ಟೇಪಿನ ಮೇಲೆ ರೆಕಾರ್ಡ್ ಮಾಡುವ ಒಂದು ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಒಟ್ಟು 42 ನಿಮಿಷ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಾಗ ಫೈಲ್ 9 ಜಿಬಿ ಆಯಿತು. ಆ ಕಾಲಕ್ಕೆ ಅದು ಬಹಳ ದೊಡ್ಡದು, ಹಾರ್ಡ್ ಡಿಸ್ಕ್ ತುಂಬಿತ್ತು. ಒಂದು ಕನ್ವರ್ಟರ್ ಸಿಕ್ಕಿತು, ಹಾಕಿದೆ, 300 ಎಂಬಿಗೆ ಇಳಿಯಿತು. ಮೊದಲ ಅರ್ಧ ನಿಮಿಷ ನೋಡಿದೆ. ಅಜ್ಜಿ ಸುಮ್ಮನೆ ಕೂತಿದ್ದರು, ಚಿತ್ರ ಚೆನ್ನಾಗಿಯೇ ಕಂಡಿತು. ದೊಡ್ಡ ಫೈಲ್ ಅಳಿಸಿದೆ. ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಮಾವ ಆ ಟೇಪಿನ ಮೇಲೆ ಬೇರೇನೋ ರೆಕಾರ್ಡ್ ಮಾಡಿದರು. ತಿಂಗಳುಗಳ ನಂತರ ಪೂರ್ತಿ ನೋಡಲು ಕೂತಾಗ ಗೊತ್ತಾಯಿತು. ಅಜ್ಜಿ ಕೈ ಎತ್ತಿದಾಗಲೆಲ್ಲ ಬೆರಳುಗಳ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಗೆರೆಗಳು. ಅವರು ಕತೆ ಹೇಳುವುದೇ ಕೈಯಿಂದ. ಅರ್ಧಕ್ಕರ್ಧ ಕತೆ ಆ ಗೆರೆಗಳ ಹಿಂದೆ ಹೋಗಿದೆ. ಯಾಕೆ ಹಾಗಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲು ಎಂಪಿ4 ಅನ್ನುವ ಹೆಸರಿನ ವಿಷಯ. ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಲಕೋಟೆಗಳು. ತಿಳಿದವರು ಇದನ್ನು ಕಂಟೇನರ್ ಅನ್ನುತ್ತಾರೆ. ಲಕೋಟೆಯ ಒಳಗೆ ಚಿತ್ರದ ಕಾಗದ ಒಂದು, ಧ್ವನಿಯ ಕಾಗದ ಒಂದು, ಕೆಲವೊಮ್ಮೆ ಸಬ್‌ಟೈಟಲ್‌ನ ಕಾಗದ ಇನ್ನೊಂದು ಇರುತ್ತದೆ. ಆ ಕಾಗದ ಯಾವ ಭಾಷೆಯಲ್ಲಿದೆಯೋ ಅದೇ ಕೊಡೆಕ್. ಚಿತ್ರಕ್ಕೆ ಎಚ್.264, ಎಚ್.265, ವಿಪಿ9, ಎವಿ1. ಧ್ವನಿಗೆ ಎಎಸಿ, ಎಸಿ3, ಡಿಟಿಎಸ್, ಎಂಪಿ3. ಒಂದೇ ಎಂಪಿ4 ಲಕೋಟೆಯಲ್ಲಿ ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಕೂಡ ಇರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ.

ಹಾಗಿದ್ದ ಮೇಲೆ ಹೆಸರು ಬದಲಿಸಿದರೆ ಏನಾಗುತ್ತದೆ? ಲಕೋಟೆಯೂ ಬದಲಾಗುವುದಿಲ್ಲ, ಮೇಲಿನ ಚೀಟಿ ಬದಲಾಗುತ್ತದೆ ಅಷ್ಟೇ. ಕೆಲವರು ವಾದ ಮಾಡುತ್ತಾರೆ, ನಾನು ಹೆಸರು ಬದಲಿಸಿದೆ, ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಓಡಿತು ಅಂತ. ಓಡುತ್ತದೆ. ವಿಎಲ್‌ಸಿ ಚೀಟಿಯನ್ನು ನಂಬದೆ ಲಕೋಟೆ ಒಡೆದು ಒಳಗೆ ನೋಡುತ್ತದೆ, ಎಷ್ಟೋ ಕೊಡೆಕ್‌ಗಳನ್ನು ಓದುವ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಹೆಸರು ಬದಲಿಸುವ ಮೊದಲೂ ಅದು ಓಡುತ್ತಿತ್ತು. ನಿಮ್ಮ ಟಿವಿ ಹಾಗಲ್ಲ. ಟಿವಿಯೊಳಗಿನ ಚಿಪ್‌ಗೆ ಕಲಿಸಿಕೊಟ್ಟ ಭಾಷೆಗಳು ಇಷ್ಟೇ ಅಂತ ಇರುತ್ತವೆ, ಅದರಾಚೆಗೆ ಒಂದೂ ಇಲ್ಲ.

ಇಷ್ಟೆಲ್ಲ ಭಾಷೆ ಯಾಕೆ ಬೇಕು, ಚಿತ್ರವನ್ನು ಇದ್ದ ಹಾಗೇ ಇಡಬಾರದೇ ಅಂತ ಕೇಳುವವರಿದ್ದಾರೆ. ಒಂದು ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರ ಅಂದರೆ ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆ. ಒಂದು ಫ್ರೇಮಿಗೆ, ಅಂದರೆ ಒಂದು ನಿಂತ ಚಿತ್ರಕ್ಕೆ, ಸುಮಾರು 3 ಎಂಬಿ, ಸೆಕೆಂಡಿಗೆ 25 ಫ್ರೇಮ್. ಒಂದು ಗಂಟೆಗೆ ಸುಮಾರು 280 ಜಿಬಿ ಆಗುತ್ತದೆ. ಅದೇ ಒಂದು ಗಂಟೆಯನ್ನು ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್.264 ಆಗಿ ಇಟ್ಟರೆ 3.6 ಜಿಬಿ ಸಾಕು. ಉಳಿದದ್ದು ಎಲ್ಲಿಗೆ ಹೋಯಿತು? ಕೊಡೆಕ್ ಒಂದು ಫ್ರೇಮನ್ನು ಪೂರ್ತಿ ಬರೆದುಕೊಂಡು, ಮುಂದಿನ ಎಷ್ಟೋ ಫ್ರೇಮುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಹಿಂದಿನ ಗೋಡೆ ಅಲ್ಲಾಡದಿದ್ದರೆ ಗೋಡೆಯನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಟ್ಟೇಬಿಡುತ್ತದೆ. ಬಿಟ್ಟದ್ದು ಬಿಟ್ಟಂತೆಯೇ, ಮತ್ತೆ ಸಿಗುವುದಿಲ್ಲ. ಪ್ರತಿ ಸಲ ಕನ್ವರ್ಟ್ ಮಾಡಿದಾಗಲೂ ಇನ್ನೊಂದಿಷ್ಟು ಬಿಡುತ್ತದೆ. ಕನ್ವರ್ಟ್ ಮಾಡಿದರೆ ಕ್ವಾಲಿಟಿ ಜಾಸ್ತಿಯಾಗುತ್ತದೆ ಅಂತ ಯಾವ ಜಾಹೀರಾತು ಹೇಳಿದರೂ ನಂಬಬೇಡಿ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಕನ್ವರ್ಟ್ ಮಾಡುವುದು ಕೊನೆಯ ಕೆಲಸ. ಮೊದಲ ಕೆಲಸ ಒಳಗೆ ನೋಡುವುದು. ವಿಎಲ್‌ಸಿಯಲ್ಲಿ ಫೈಲ್ ತೆರೆದು ಟೂಲ್ಸ್ ಮೆನುವಿಗೆ ಹೋಗಿ ಕೊಡೆಕ್ ಇನ್ಫರ್ಮೇಷನ್ ಒತ್ತಿ. ಕಂಟ್ರೋಲ್ ಜೊತೆ ಜೆ ಒತ್ತಿದರೂ ಬರುತ್ತದೆ. ಇನ್ನೂ ವಿವರ ಬೇಕಿದ್ದರೆ ಮೀಡಿಯಾಇನ್ಫೋ ಅನ್ನುವ ಪುಟ್ಟ ಸಾಫ್ಟ್‌ವೇರ್ ಇದೆ, ಉಚಿತ. ನೋಡಬೇಕಾದದ್ದು ಕೆಲವೇ ಸಾಲು. ಚಿತ್ರದ ಕೊಡೆಕ್ ಯಾವುದು, ಬಣ್ಣದ ಸೂಕ್ಷ್ಮತೆ ಎಷ್ಟು ಬಿಟ್ (8 ಅಥವಾ 10), ಅಗಲ ಎತ್ತರ ಎಷ್ಟು, ಫ್ರೇಮ್ ರೇಟ್ ಎಷ್ಟು, ಅದು ಸ್ಥಿರವೋ ಏರಿಳಿಯುತ್ತದೆಯೋ, ಮತ್ತೆ ಧ್ವನಿಯ ಕೊಡೆಕ್ ಯಾವುದು.

ಹೋದ ತಿಂಗಳು ನನ್ನ ತಂಗಿಯ ಮಗ ಒಂದು ಫೈಲ್ ತಂದ. ಹೆಸರು ಎಂಪಿ4, ಟಿವಿಯಲ್ಲಿ ಧ್ವನಿ ಮಾತ್ರ, ಪರದೆ ಕಪ್ಪು. ನಿಮ್ಮ ಓದುಗರ ಸಮಸ್ಯೆಯೇ. ಅವನು ಆಗಲೇ ನಾಲ್ಕು ಕನ್ವರ್ಟರ್ ಇಳಿಸಿಕೊಂಡಿದ್ದ. ಮೀಡಿಯಾಇನ್ಫೋದಲ್ಲಿ ತೆರೆದೆವು. ಎಚ್‌ಇವಿಸಿ, ಮೇನ್ 10 (ಅಂದರೆ 10 ಬಿಟ್), 3840 ಇಂಟು 2160, ಧ್ವನಿ ಎಎಸಿ. ಅಲ್ಲಿಗೆ ಉತ್ತರ ಸಿಕ್ಕಿತು. ಎಚ್‌ಇವಿಸಿ ಅಂದರೆ ಎಚ್.265, 2013ರಲ್ಲಿ ಬಂದ ಕೊಡೆಕ್. ಟಿವಿ ಅದಕ್ಕಿಂತ ಹಳೆಯದು, ಅದು ಬಲ್ಲದ್ದು 2003ರ ಎಚ್.264. ಎಎಸಿ ಆ ಟಿವಿಗೂ ಗೊತ್ತು, ಅದಕ್ಕೇ ಧ್ವನಿ ಬಂತು. ಎರಡು ನಿಮಿಷದ ಕೆಲಸಕ್ಕೆ ಹುಡುಗ ಎರಡು ದಿನ ಕಳೆದಿದ್ದ.

ಒಳಗೆ ನೋಡಿದ ಮೇಲೆ ಎಷ್ಟೋ ಸಲ ಕನ್ವರ್ಟ್ ಮಾಡುವುದೇ ಬೇಡ ಅಂತ ತಿಳಿಯುತ್ತದೆ. ಫೈಲ್ ಎಂಕೆವಿ, ಒಳಗಿರುವುದು ಎಚ್.264 ಮತ್ತು ಎಎಸಿ ಅಂದುಕೊಳ್ಳಿ. ಟಿವಿಗೆ ಎರಡು ಭಾಷೆಯೂ ಗೊತ್ತು, ಲಕೋಟೆ ಮಾತ್ರ ಹಿಡಿಸುತ್ತಿಲ್ಲ. ಆಗ ಕಾಗದ ಮುಟ್ಟದೆ ಲಕೋಟೆ ಬದಲಿಸಿದರೆ ಮುಗಿಯಿತು. ಇದಕ್ಕೆ ರೀಮಕ್ಸ್ ಅನ್ನುತ್ತಾರೆ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಕೊಡೆಕ್ ಅನ್ನುವ ಜಾಗದಲ್ಲಿ ಕಾಪಿ ಅಂತ ಒಂದು ಪದ ಬರೆದರೆ ಸಾಕು. ಎರಡು ಗಂಟೆಯ ವಿಡಿಯೊ ಒಂದು ನಿಮಿಷದೊಳಗೆ ಮುಗಿಯುತ್ತದೆ, ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಎಫ್‌ಎಫ್‌ಎಂಪೆಗ್‌ಗೆ ಬೇಕಾದ ಹಾಗೆ ಆದೇಶ ಟೈಪ್ ಮಾಡುವುದು ಬೇಡ ಅನ್ನುವವರಿಗೆ ಲಾಸ್‌ಲೆಸ್‌ಕಟ್ ಇದೆ, ಅದು ಒಳಗೆ ಬಳಸುವುದೂ ಎಫ್‌ಎಫ್‌ಎಂಪೆಗ್ಗೇ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಕನ್ವರ್ಟರ್ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಅದು ಬೇಡ, ಅದು ಚಿತ್ರವನ್ನು ಯಾವಾಗಲೂ ಹೊಸದಾಗಿ ಬರೆಯುತ್ತದೆ.

ಇದರಲ್ಲಿ ಒಂದು ವಿಷಯ ಮಾತ್ರ ನೆನಪಿರಲಿ. ಕಾಪಿ ವಿಧಾನದಲ್ಲಿ ವಿಡಿಯೊದ ಒಂದು ತುಂಡು ಕತ್ತರಿಸಲು ಹೋದರೆ ಎಲ್ಲೆಂದರಲ್ಲಿ ಕತ್ತರಿಸಲು ಆಗುವುದಿಲ್ಲ. ಪೂರ್ತಿ ಬರೆದ ಫ್ರೇಮ್, ಅಂದರೆ ಕೀ ಫ್ರೇಮ್, ಇರುವ ಕಡೆಯಿಂದಲೇ ಶುರುವಾಗಬೇಕು. ನಡುವೆ ಕತ್ತರಿಸಿದರೆ ಮೊದಲ ಒಂದೆರಡು ಸೆಕೆಂಡ್ ಚಿತ್ರ ನಿಂತು ಹೋಗುತ್ತದೆ, ಇಲ್ಲ ಬೂದು ಬಣ್ಣ ಬರುತ್ತದೆ. ಫೈಲ್ ಕೆಟ್ಟಿದೆ ಅಂತ ಗಾಬರಿ ಬೇಡ, ಕತ್ತರಿಸುವ ಜಾಗ ಸ್ವಲ್ಪ ಹಿಂದಕ್ಕೆ ಸರಿಸಿ.

ಇನ್ನು ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ ಅನ್ನುವವರು. ಇಲ್ಲಿ ಅಪರಾಧಿ ಸಾಮಾನ್ಯವಾಗಿ ಡಿಟಿಎಸ್, ಕೆಲವೊಮ್ಮೆ ಎಸಿ3. ಇವು ಸಿನಿಮಾ ಡಿಸ್ಕ್‌ಗಳಿಂದ ಬಂದ ಧ್ವನಿಯ ಕೊಡೆಕ್‌ಗಳು, ಎಲ್ಲ ಟಿವಿ ಮತ್ತು ಫೋನುಗಳಿಗೆ ಇವು ಬರುವುದಿಲ್ಲ. ಇದಕ್ಕೆ ಇಡೀ ವಿಡಿಯೊ ಕನ್ವರ್ಟ್ ಮಾಡಿ ಮೂರು ಗಂಟೆ ಕಾಯುವುದು ಸುಮ್ನೆ ವ್ಯರ್ಥ. ಚಿತ್ರವನ್ನು ಕಾಪಿಗೆ ಬಿಟ್ಟು ಧ್ವನಿಯನ್ನು ಮಾತ್ರ ಎಎಸಿಗೆ ಬದಲಿಸಿ. ಕೆಲವೇ ನಿಮಿಷ. ಚಿತ್ರ ಇದ್ದ ಹಾಗೇ ಉಳಿಯುತ್ತದೆ.

ಚಿತ್ರವನ್ನೇ ಬದಲಿಸಬೇಕಾದ ಸಂದರ್ಭ ಇದೆ, ಇಲ್ಲ ಅನ್ನುವುದಿಲ್ಲ. ಹಳೆಯ ಟಿವಿಗೆ ಎಚ್.265 ಕೊಡಬೇಕಾದಾಗ ಬೇರೆ ದಾರಿಯೇ ಇಲ್ಲ. ಆಗ ಎಚ್.264 ಆರಿಸಿ, ಧ್ವನಿಗೆ ಎಎಸಿ ಆರಿಸಿ. ಇಷ್ಟಕ್ಕೇ ನಿಲ್ಲಿಸಬೇಡಿ. ಫೋನಿನ ಮೂಲ ವಿಡಿಯೊ 10 ಬಿಟ್ ಆಗಿದ್ದರೆ ಕೆಲವು ಸಾಫ್ಟ್‌ವೇರ್ ಎಚ್.264 ಅನ್ನೂ 10 ಬಿಟ್‌ನಲ್ಲೇ ಬರೆಯುತ್ತದೆ. ಹೆಸರು ಎಚ್.264, ಆದರೆ ಮನೆಯ ಟಿವಿಗಳಲ್ಲಿ 10 ಬಿಟ್ ಎಚ್.264 ಓದುವುದು ತೀರ ಅಪರೂಪ. ಕನ್ವರ್ಟ್ ಆಯಿತು, ಆದರೂ ಪರದೆ ಕಪ್ಪು ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಎಷ್ಟೋ ಜನರ ಕತೆ ಇದೇ. 8 ಬಿಟ್, 4:2:0 ಅಂತ ಖಚಿತ ಮಾಡಿಕೊಳ್ಳಿ. ಹಳೆಯ ಟಿವಿ ಆದರೆ ಗಾತ್ರವನ್ನು 1920 ಇಂಟು 1080ಕ್ಕೆ ಇಳಿಸಿ, ಲೆವೆಲ್ ಅನ್ನುವಲ್ಲಿ, ಅಂದರೆ ಚಿತ್ರ ಎಷ್ಟು ಭಾರ ಇರಬಹುದು ಅನ್ನುವ ಮಿತಿಯಲ್ಲಿ, 4.1 ಇಡಿ. ಚಿತ್ರವನ್ನು ಕತ್ತರಿಸಿ ಸಣ್ಣ ಮಾಡುವುದಿದ್ದರೆ ಅಗಲ ಎತ್ತರ ಎರಡೂ ಸಮ ಸಂಖ್ಯೆ ಇರಲಿ. 853 ಅಂತ ಬೆಸ ಸಂಖ್ಯೆ ಕೊಟ್ಟರೆ ಚಿತ್ರ ಬರೆಯುವ ಎನ್‌ಕೋಡರ್ ಕೆಲಸ ಶುರು ಮಾಡುವುದೇ ಇಲ್ಲ, ಎರಡರಿಂದ ಭಾಗವಾಗುವುದಿಲ್ಲ ಅಂತ ತಪ್ಪು ತೋರಿಸುತ್ತದೆ. ಯಾಕೆಂದರೆ 4:2:0ದಲ್ಲಿ ಬಣ್ಣವನ್ನು ಅಕ್ಕಪಕ್ಕದ ನಾಲ್ಕು ಚುಕ್ಕೆಗೆ ಒಂದರಂತೆ ಇಡುತ್ತಾರೆ, ಚುಕ್ಕೆಗಳು ಜೋಡಿಯಾಗಿಯೇ ಇರಬೇಕು.

ಕ್ವಾಲಿಟಿ ಎಷ್ಟಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್ಸ್ಟಂಟ್ ಕ್ವಾಲಿಟಿ ಅಂತ ಎಡಬಲಕ್ಕೆ ಎಳೆಯುವ ಒಂದು ಗುಂಡಿ ಇದೆ. ಎಚ್.264ಕ್ಕೆ ಸೊನ್ನೆಯಿಂದ 51ರವರೆಗೆ ಅಂಕಿ. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಇದನ್ನು ಉಲ್ಟಾ ತಿಳಿದು 40ಕ್ಕೆ ಇಟ್ಟವರನ್ನು ನೋಡಿದ್ದೇನೆ, ಮುಖಗಳೆಲ್ಲ ಚೌಕ ಚೌಕ ಆಗಿದ್ದವು. 18ರಿಂದ 23ರ ನಡುವೆ ಇಡಿ. ಉಳಿಸಿಕೊಳ್ಳಬೇಕಾದ ವಿಡಿಯೊ ಆದರೆ 18ರ ಹತ್ತಿರ.

ಕನ್ವರ್ಟ್ ಮಾಡಿದ ಮೇಲೆ ಫೈಲ್ ದೊಡ್ಡದಾಯಿತು ಅಂತ ದೂರು ಬರುತ್ತದೆ. ಆಗಬಹುದು. ಅದೇ ಕ್ವಾಲಿಟಿಯನ್ನು ಎಚ್.265 ಕಡಿಮೆ ಜಾಗದಲ್ಲಿ ಇಡುತ್ತದೆ, ಎಚ್.264ಕ್ಕೆ ಜಾಸ್ತಿ ಜಾಗ ಬೇಕು. ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಗ ಬೇಗ ಕನ್ವರ್ಟ್ ಮಾಡಿದರೂ ಸಾಮಾನ್ಯವಾಗಿ ಹಾಗೇ, ವೇಗ ಸಿಗುತ್ತದೆ, ಅಷ್ಟೇ ಕ್ವಾಲಿಟಿಗೆ ಫೈಲ್ ದೊಡ್ಡದಾಗುತ್ತದೆ. ದೊಡ್ಡ ಫೈಲ್ ಪೆನ್ ಡ್ರೈವ್‌ಗೆ ಹೋಗುತ್ತಿಲ್ಲ ಅಂದರೆ ಅದು ಕೊಡೆಕ್ ಸಮಸ್ಯೆಯೇ ಅಲ್ಲ. ಪೆನ್ ಡ್ರೈವ್ ಫ್ಯಾಟ್32 ಅನ್ನುವ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ.

ಬಣ್ಣ ಮಸುಕಾಯಿತು, ಎಲ್ಲ ಬೂದಿ ಬಳಿದ ಹಾಗಿದೆ ಅನ್ನುವವರು ಮೂಲ ಫೈಲಿನಲ್ಲಿ ಎಚ್‌ಡಿಆರ್ ಇದೆಯಾ ನೋಡಿ. ಎಚ್‌ಡಿಆರ್ ಅಂದರೆ ತೀರ ಬೆಳಕು, ತೀರ ಕತ್ತಲು ಎರಡನ್ನೂ ಹಿಡಿಯುವ ವಿಧಾನ, ಅದರ ಬೆಳಕಿನ ಲೆಕ್ಕವೇ ಬೇರೆ. ಅದನ್ನು ಸಾಮಾನ್ಯ ಪರದೆಯ ಲೆಕ್ಕಕ್ಕೆ ತರುವುದನ್ನು ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಸಾಫ್ಟ್‌ವೇರ್ ಅದನ್ನು ಮಾಡದೆ ಅಂಕಿಗಳನ್ನು ಹಾಗೇ ಎತ್ತಿಟ್ಟರೆ ಚಿತ್ರ ಮಂಕಾಗುತ್ತದೆ. ಫೋನಿನಲ್ಲಿ ತೆಗೆಯುವಾಗಲೇ ಎಚ್‌ಡಿಆರ್ ಆಫ್ ಮಾಡಿದರೆ ಈ ರಗಳೆಯೇ ಇಲ್ಲ.

ಈಗ ಎಲ್ಲರನ್ನೂ ಕಾಡುವ ತೊಂದರೆಗೆ ಬರುತ್ತೇನೆ. ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಜನ ಇದನ್ನು ಕಂಡ ಕೂಡಲೇ ಇನ್ನೊಂದು ಕನ್ವರ್ಟರ್ ಹುಡುಕುತ್ತಾರೆ. ಹುಡುಕುವ ಮೊದಲು ವಿಡಿಯೊದ ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಎರಡನ್ನೂ ನೋಡಿ. ಶುರುವಿನಲ್ಲಿ ಅರ್ಧ ಸೆಕೆಂಡ್ ಹಿಂದಿದ್ದ ಧ್ವನಿ ಕೊನೆಯಲ್ಲೂ ಅರ್ಧ ಸೆಕೆಂಡೇ ಹಿಂದಿದ್ದರೆ ಅದು ಬರೀ ಸರಿದಿದೆ. ಕನ್ವರ್ಟ್ ಬೇಡ, ಧ್ವನಿಯನ್ನು ಅಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ಜೋಡಿಸಿದರೆ ಸಾಕು. ಆದರೆ ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ದೂರ ಸರಿದರೆ ರೋಗ ಬೇರೆ. ಆಗ ಫ್ರೇಮ್ ರೇಟಿನ ಲೆಕ್ಕ ತಪ್ಪಿದೆ ಅಂತ ಅರ್ಥ. 29.97 ಫ್ರೇಮಿನ ವಿಡಿಯೊವನ್ನು 30 ಅಂತ ತಿಳಿದು ಓಡಿಸಿದರೆ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಏನೂ ಅಲ್ಲ ಅನಿಸುತ್ತದೆ ಅಲ್ವಾ? ಒಂದು ಗಂಟೆಯ ಕೊನೆಗೆ ಅದೇ 3.6 ಸೆಕೆಂಡ್ ಆಗಿ ನಿಲ್ಲುತ್ತದೆ. ಬಾಯಿ ಅಲ್ಲಾಡಿ ಮುಗಿದ ಮೇಲೆ ಮಾತು ಕೇಳುತ್ತದೆ.

ಫೋನುಗಳಲ್ಲಿ ಇನ್ನೊಂದು ಸಂಗತಿ. ಫೋನ್ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ತೆಗೆಯುತ್ತದೆ ಅಂತಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ, ಫ್ರೇಮುಗಳು ಕಡಿಮೆಯಾಗುತ್ತವೆ, ಮತ್ತೆ ಏರುತ್ತವೆ. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಪ್ಲೇ ಮಾಡುವಾಗ ತೊಂದರೆ ಕಾಣುವುದಿಲ್ಲ, ಯಾಕೆಂದರೆ ಪ್ರತಿ ಫ್ರೇಮಿಗೂ ಅದರ ಸಮಯ ಬರೆದಿರುತ್ತದೆ. ಆ ಸಮಯವನ್ನು ನೋಡದೆ ಫ್ರೇಮುಗಳನ್ನು ಸಾಲಾಗಿ ಎಣಿಸಿಕೊಂಡು ಹೋಗುವ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದಾಗ ಧ್ವನಿ ದಾರಿ ತಪ್ಪುತ್ತದೆ. ಎಡಿಟ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್ಸ್ಟಂಟ್ ಫ್ರೇಮ್ ರೇಟ್ ಆರಿಸಿ ಒಮ್ಮೆ ಬರೆದುಕೊಂಡರೆ ಸರಿಹೋಗುತ್ತದೆ. ಎಡಿಟ್ ಎಲ್ಲ ಮುಗಿದ ಮೇಲೆ ಇದನ್ನು ಸರಿಪಡಿಸಲು ಕೂತವರ ಕಷ್ಟ ಹೇಳತೀರದು.

ಈಗ ಅಜ್ಜಿಯ ವಿಡಿಯೊ. ಆ ಕಾಲದ ಕ್ಯಾಮೆರಾಗಳು ಇಂಟರ್‌ಲೇಸ್ ಅನ್ನುವ ವಿಧಾನದಲ್ಲಿ ಚಿತ್ರ ಹಿಡಿಯುತ್ತಿದ್ದವು. ಒಂದು ಫ್ರೇಮಿನಲ್ಲಿ 576 ಗೆರೆ. ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆ ಹಿಡಿಯುತ್ತದೆ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ನಡುವೆ ಬಿಟ್ಟ ಇನ್ನೊಂದು 288 ಗೆರೆ. ಅಂದರೆ ಒಂದೇ ಫ್ರೇಮಿನಲ್ಲಿ ಎರಡು ಕ್ಷಣಗಳು ಹೆಣೆದುಕೊಂಡಿವೆ. ಅಜ್ಜಿ ಸುಮ್ಮನಿದ್ದರೆ ಎರಡು ಕ್ಷಣವೂ ಒಂದೇ ಥರ ಇರುತ್ತವೆ, ಏನೂ ಗೊತ್ತಾಗುವುದಿಲ್ಲ. ಕೈ ಎತ್ತಿದಾಗ ಸಮ ಗೆರೆಗಳಲ್ಲಿ ಕೈ ಒಂದು ಕಡೆ, ಬೆಸ ಗೆರೆಗಳಲ್ಲಿ ಇನ್ನೊಂದು ಕಡೆ. ಬಾಚಣಿಗೆಯ ಹಲ್ಲು ಬಂದದ್ದು ಹಾಗೆ. ಕನ್ವರ್ಟ್ ಮಾಡುವಾಗ ಡಿಇಂಟರ್‌ಲೇಸ್ ಅನ್ನುವ ಒಂದು ಆಯ್ಕೆ ಒತ್ತಿ, ಸೆಕೆಂಡಿಗೆ 50 ಫ್ರೇಮ್ ಅಂತ ಬರೆದಿದ್ದರೆ ಅಜ್ಜಿಯ ಕೈ ನೀರಿನಂತೆ ಸರಾಗವಾಗಿ ಚಲಿಸುತ್ತಿತ್ತು.

ಹಾಗೆ ಮಾಡದಿದ್ದರೂ ಗೆರೆಗಳು ಇದ್ದಲ್ಲೇ ಇದ್ದಿದ್ದರೆ ಆಮೇಲಾದರೂ ಬಿಡಿಸಬಹುದಿತ್ತು. ನನ್ನ ಕನ್ವರ್ಟರ್ ಮಾಡಿದ ದೊಡ್ಡ ಹಾನಿ ಬೇರೆಯೇ. ಅದು 576 ಗೆರೆಯ ಚಿತ್ರವನ್ನು ಎಚ್‌ಡಿ ಮಾಡುತ್ತೇನೆ ಅಂತ 720 ಗೆರೆಗೆ ಹಿಗ್ಗಿಸಿತು. ಹಿಗ್ಗಿಸುವಾಗ ಅಕ್ಕಪಕ್ಕದ ಗೆರೆಗಳನ್ನು ಬೆರೆಸಿತು. ಎರಡು ಕ್ಷಣಗಳು ಒಂದಕ್ಕೊಂದು ಕಲಸಿಹೋದವು. ಈಗ ಯಾವ ಗೆರೆ ಯಾವ ಕ್ಷಣದ್ದು ಅಂತ ಯಾವ ಸಾಫ್ಟ್‌ವೇರ್‌ಗೂ ಬೇರ್ಪಡಿಸಲು ಬರುವುದಿಲ್ಲ. ಆ 9 ಜಿಬಿ ಫೈಲ್ ಇದ್ದಿದ್ದರೆ ಇವತ್ತು ಹತ್ತು ನಿಮಿಷದಲ್ಲಿ ಸರಿ ಮಾಡುತ್ತಿದ್ದೆ. ಮನೆಯಲ್ಲಿ ಹಳೆಯ ಟೇಪು, ಹಳೆಯ ಡಿವಿಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಎರಡು ಸಲ ಓದಿ. ಮೊದಲು ಡಿಇಂಟರ್‌ಲೇಸ್, ಆಮೇಲೆ ಗಾತ್ರ ಬದಲಾವಣೆ. ಈ ಕ್ರಮ ತಪ್ಪಬಾರದು.

ಕೊಡೆಕ್ ಸಿಗುತ್ತಿಲ್ಲ ಅನ್ನುವ ಸಂದೇಶ ಬಂದಾಗಲೆಲ್ಲ ಕೊಡೆಕ್‌ನದೇ ತಪ್ಪು ಅಂತಲೂ ಇಲ್ಲ. ರೆಕಾರ್ಡ್ ಆಗುತ್ತಿರುವಾಗ ಫೋನಿನ ಬ್ಯಾಟರಿ ಸತ್ತುಹೋಯಿತು ಅಂದುಕೊಳ್ಳಿ. ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತಾರೆ, ಅದರ ಹೆಸರು ಮೂವ್ ಆಟಂ. ಅದು ಬರೆಯುವ ಮೊದಲೇ ಫೋನ್ ಆರಿದರೆ ಒಳಗೆ ಚಿತ್ರ ಇದ್ದರೂ ಓದುವ ದಾರಿ ಇಲ್ಲ. ಇದನ್ನು ನೂರು ಕನ್ವರ್ಟರ್‌ಗೆ ಹಾಕಿದರೂ ಪ್ರಯೋಜನವಿಲ್ಲ. ಅನ್‌ಟ್ರಂಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೊ ಕೊಟ್ಟರೆ ಅದನ್ನು ನೋಡಿಕೊಂಡು ಮುರಿದ ಫೈಲಿಗೆ ಪಟ್ಟಿ ಕಟ್ಟಲು ಪ್ರಯತ್ನಿಸುತ್ತದೆ. ಎಲ್ಲ ಸಲ ಆಗುವುದಿಲ್ಲ, ಆದರೆ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿಯವರೆಗೆ ಆ ಮೆಮೊರಿ ಕಾರ್ಡಿನಲ್ಲಿ ಹೊಸದೇನನ್ನೂ ತೆಗೆಯಬೇಡಿ.

ಈ ವಿಡಿಯೊ ನೋಡಲು ಕೊಡೆಕ್ ಇಳಿಸಿಕೊಳ್ಳಿ ಅಂತ ಯಾವುದೋ ಜಾಲತಾಣ ಕೇಳಿದರೆ ಒತ್ತಲೇಬೇಡಿ. ಕೊಡೆಕ್ ಹೆಸರಿನಲ್ಲಿ ವೈರಸ್ ಇಳಿಸುವುದು ಬಹಳ ಹಳೆಯ ಮೋಸ, ಇನ್ನೂ ನಡೆಯುತ್ತಿದೆ. ವಿಎಲ್‌ಸಿಯನ್ನು ಅದರದೇ ಜಾಲತಾಣದಿಂದ ಹಾಕಿಕೊಂಡರೆ ನೋಡಲು ಬೇರೆ ಕೊಡೆಕ್ ಬೇಕಾಗುವುದು ಅಪರೂಪ. ಹಾಗೇ ಆನ್‌ಲೈನ್ ಕನ್ವರ್ಟರ್. ಮನೆಯ ಮಕ್ಕಳ ವಿಡಿಯೊವನ್ನು ಯಾರದ್ದೋ ಕಂಪ್ಯೂಟರಿಗೆ ಕಳಿಸಿ, ಅವರು ಬದಲಿಸಿ ವಾಪಸ್ ಕೊಡುವುದು ಅದು. ಕಳಿಸಿದ ಪ್ರತಿ ಅಲ್ಲೇ ಉಳಿಯಿತೋ ಅಳಿಯಿತೋ ತಿಳಿಯುವ ದಾರಿ ನಮಗಿಲ್ಲ.

ತಪ್ಪು ಬರೀ ಜನರದ್ದಲ್ಲ ಅನ್ನುವುದನ್ನೂ ಹೇಳಬೇಕು. ಟಿವಿಯ ಪೆಟ್ಟಿಗೆಯ ಮೇಲೆ ಎಂಪಿ4 ಓಡುತ್ತದೆ ಅಂತ ಬರೆದರೆ ಕೊಳ್ಳುವವರಿಗೆ ಏನು ತಿಳಿಯಬೇಕು? ಲಕೋಟೆಯ ಹೆಸರು ಹೇಳಿ ಭಾಷೆಯ ಹೆಸರು ಮುಚ್ಚಿಟ್ಟ ಹಾಗೆ. ಯಾವ ಕೊಡೆಕ್, ಎಷ್ಟು ಬಿಟ್, ಯಾವ ಲೆವೆಲ್‌ವರೆಗೆ ಅನ್ನುವುದು ಮ್ಯಾನ್ಯುಯಲ್‌ನ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವೊಮ್ಮೆ ಅಲ್ಲೂ ಇರುವುದಿಲ್ಲ. ಎಚ್.265ಕ್ಕೆ ಪೇಟೆಂಟ್ ಹಕ್ಕುಗಳಿವೆ, ಅದಕ್ಕೆ ಶುಲ್ಕ ಕಟ್ಟಬೇಕು. ವಿಂಡೋಸ್‌ನಲ್ಲಿ ಇದನ್ನು ಓದಲು ಬೇಕಾದ ಎಕ್ಸ್‌ಟೆನ್ಷನ್ ಅನ್ನು ಮೈಕ್ರೋಸಾಫ್ಟ್ ತನ್ನ ಸ್ಟೋರ್‌ನಲ್ಲಿ ಬೇರೆಯಾಗಿ ದುಡ್ಡಿಗೆ ಮಾರಿದ್ದಕ್ಕೆ ಈ ಶುಲ್ಕದ ಗೋಜಲೇ ಹಿನ್ನೆಲೆ. ಈ ಗೋಜಲು ಬೇಡ ಅಂತಲೇ ಹಲವು ಕಂಪನಿಗಳು ಒಟ್ಟಾಗಿ 2018ರಲ್ಲಿ ಎವಿ1 ತಂದವು. ಅದು ಒಳ್ಳೆಯದೇ, ಆದರೆ ಹಳೆಯ ಟಿವಿಗೆ ಅದೂ ಗೊತ್ತಿಲ್ಲ. 2017ರಲ್ಲಿ ಐಒಎಸ್ 11 ಬಂದಾಗ ಹೊಸ ಐಫೋನುಗಳು ತಾವಾಗಿಯೇ ಎಚ್.265ಕ್ಕೆ ಹೋದವು, ಎಷ್ಟೋ ಜನರಿಗೆ ತಮ್ಮ ಫೋನ್ ಭಾಷೆ ಬದಲಿಸಿದ್ದೇ ತಿಳಿಯಲಿಲ್ಲ. ಟಿವಿ ಮಾರುವವರು ಪೆಟ್ಟಿಗೆಯ ಮೇಲೆ ಕೊಡೆಕ್‌ಗಳ ಪೂರ್ತಿ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕು. ನಾವು ಒಬ್ಬೊಬ್ಬರೇ ಕೇಳಿದರೆ ಅವರಿಗೆ ಕೇಳಿಸುವುದಿಲ್ಲ. ಪತ್ರಿಕೆ ಕೇಳಿದರೆ ಕೇಳಿಸುತ್ತದೆ. ನಿಮ್ಮ ತಂತ್ರಜ್ಞಾನ ಪುಟ ಇದನ್ನು ಎತ್ತಿಕೊಳ್ಳಲಿ ಅಂತ ಕೇಳಿಕೊಳ್ಳುತ್ತೇನೆ. ಜೊತೆಗೆ ಹಳೆಯ ಫೈಲ್ ಅಳಿಸಿ ಅನ್ನುವ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಅದನ್ನು ಓದಿ ಈ ವಾರವೇ ಅಳಿಸಲು ಕೂತವರು ಯಾರಾದರೂ ಇದ್ದೇ ಇರುತ್ತಾರೆ.

ಪ್ರಶ್ನೆ ಕೇಳಿದ ಆ ಓದುಗರಿಗೆ ಕೊನೆಯದಾಗಿ ನಾಲ್ಕು ಮಾತು. ನಿಮ್ಮ ಫೈಲಿನಲ್ಲಿರುವುದು ಬಹುಶಃ ಎಚ್.265. ಮೀಡಿಯಾಇನ್ಫೋದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಮುಂದೆ ತೆಗೆಯುವ ವಿಡಿಯೊಗಳಿಗೆ ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲೇ ಎಚ್.264 ಆರಿಸಬಹುದು, ಐಫೋನಿನಲ್ಲಿ ಫಾರ್ಮ್ಯಾಟ್ಸ್ ಒಳಗೆ ಮೋಸ್ಟ್ ಕಂಪಾಟಿಬಲ್ ಅಂತ ಇರುತ್ತದೆ. ಈಗಾಗಲೇ ತೆಗೆದದ್ದರಲ್ಲಿ ಜನ ಓಡಾಡುವ, ಮಾತಾಡುವ ಒಂದು ನಿಮಿಷದ ತುಂಡನ್ನು ಮಾತ್ರ ಮೊದಲು 8 ಬಿಟ್ ಎಚ್.264ಕ್ಕೆ ಬದಲಿಸಿ, ಅದೇ ಟಿವಿಯಲ್ಲಿ ಹಾಕಿ, ಕೈಕಾಲು ಆಡುವಾಗ ಗೆರೆ ಬರುತ್ತದೆಯಾ, ತುಟಿಗೆ ಮಾತು ಕೂರುತ್ತದೆಯಾ ಹತ್ತಿರ ಕೂತು ನೋಡಿ. ಸರಿಯಿದ್ದರೆ ಉಳಿದದ್ದನ್ನು ಮಾಡಿ, ಅದನ್ನೂ ಕೊನೆಯವರೆಗೆ ನೋಡಿ. ಟಿವಿಯಲ್ಲಿ ಚಿತ್ರ ಬಂದ ಮೇಲೂ ಫೋನಿನಲ್ಲಿ ತೆಗೆದ ಆ ಫೈಲ್ ಹಾಗೇ ಇರಲಿ, ಬೇರೆ ಒಂದು ಡಿಸ್ಕಿನಲ್ಲಿ ಅದರ ಇನ್ನೊಂದು ಪ್ರತಿಯೂ ಇರಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ